ಪಾರ್ಕಿನ ಕೀಲಿ

ವಿಜಯಪುರ
9 ಜೂನ್ 2024

ಅಕ್ಕಾ,

ಭಾಗ್ಯಾ ನಮ್ಮ ಮನೆಗೆ ಬಂದು ಇವತ್ತಿಗೆ ಹನ್ನೆರಡು ದಿನ. ಮೊದಲ ಎರಡು ದಿನ ನಿನ್ನ ನೆನಪು ತೆಗೆದು ಅತ್ತಳು. ಈಗ ಹೊಂದಿಕೊಂಡಿದ್ದಾಳೆ. ಶಾಲೆಯ ವ್ಯಾನು ಮನೆಯ ಮುಂದೆಯೇ ನಿಲ್ಲುತ್ತದೆ. ನಾಲ್ಕನೆಯ ಇಯತ್ತೆಯ ಪುಸ್ತಕಗಳಿಗೆಲ್ಲ ನಾನೇ ಕಂದು ಹಾಳೆ ಹಾಕಿ ಹೆಸರು ಬರೆದಿದ್ದೇನೆ.

ನಿನ್ನ ಕಿವಿ ಮಂದವಾದ ಮೇಲೆ ಫೋನಿನಲ್ಲಿ ನೀನು "ಹಾಂ? ಏನಂದಿ?" ಎನ್ನುವುದು, ನಾನು ಒದರುವುದು, ಇಬ್ಬರಿಗೂ ದಣಿವು. ಮಾಮಾನ ಮೊಬೈಲು ಹೊಲಕ್ಕೆ ಹೋದರೆ ಕತ್ತಲಾದ ಮೇಲೆಯೇ ಮನೆಗೆ ಬರುತ್ತದೆ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ನೀನೂ ಬರಿ.

ಮಗಳನ್ನು ಕಳಿಸುವಾಗ ನೀನು ಒಂದೇ ಮಾತು ಕೇಳಿದ್ದೆ: "ಆಡಾಕ ಜಾಗಾ ಐತಿಲ್ಲೋ?" ಇದೆ ಅಕ್ಕಾ. ಇಬ್ರಾಹಿಂಪುರದ ರೈಲು ಹಳಿ ದಾಟಿದ ಮೇಲೆ ನಮ್ಮ ಬಡಾವಣೆಯಷ್ಟು ಚೊಕ್ಕ ಬಡಾವಣೆ ಇನ್ನೊಂದಿಲ್ಲ. ನಮ್ಮ ಮನೆಯ ಎದುರಿಗೇ ಪಾರ್ಕು. ಕೆಂಪು ಕಲ್ಲಿನ ದಾರಿ, ಹುಲ್ಲು, ಎರಡು ಜೋಕಾಲಿ, ಒಂದು ಜಾರುಬಂಡಿ. ನಡುವೆ ಒಂದು ಬೇವಿನ ಗಿಡ, ಇಲ್ಲಿ ಹೊಲ ಇದ್ದಾಗಿನದು. ಮೇಲಿನ ಗ್ಯಾಲರಿಯಲ್ಲಿ ನಿಂತರೆ ಎಲ್ಲ ಕಾಣುತ್ತದೆ. ನೀನು ಚಿಂತೆ ಮಾಡಬೇಡ.

ಕೆಳಗೆ ಭಾಗ್ಯಾ ತಾನೇ ಎರಡು ಸಾಲು ಬರೆಯುತ್ತಾಳಂತೆ.

ರಾಜೇಶ್ವರಿ

ಅವ್ವಾ, ಪಾರ್ಕಿಗೆ ಕೀಲಿ ಹಾಕ್ಯಾರ. ನಾ ಗ್ಯಾಲರಿಯಿಂದ ನೋಡ್ತೇನಿ. ಬೇವಿನ ಗಿಡದಾಗ ಗಿಳಿ ಅದಾವ. — ಭಾಗ್ಯಾ


ಕಾಖಂಡಕಿ
19 ಜೂನ್ 2024

ರಾಜೂ,

ನಿನ್ನ ಕಾಗದ ನಾಲ್ಕು ಸಲ ಓದಿದೆ. ಮಗಳ ಚಿಂತೆ ಅಪ್ಪನಿಗೂ ಇರುತ್ತದಲ್ಲ, ಪಾರ್ಕಿನ ಮಾತನ್ನು ನಿಮ್ಮ ಮಾಮಾನಿಗೂ ಓದಿ ಹೇಳಿದೆ. "ನೋಡ, ನೀ ಸುಮ್ಮನ ಅಂಜತಿದ್ದಿ" ಎಂದರು. ನಿಜ, ಅಂಜಿಕೆ ಇತ್ತು. ಪಟ್ಟಣದಲ್ಲಿ ಮಕ್ಕಳನ್ನು ಎರಡು ಕೋಣೆಯಲ್ಲಿ ಇಟ್ಟು ಬೆಳೆಸುತ್ತಾರೆ ಎಂದು ಕೇಳಿದ್ದೆ. ಪಾರ್ಕಿಗೆ ಕೀಲಿ ಹಾಕುವುದೂ ಚಲೋ, ರಾತ್ರಿ ಹೊತ್ತು ನಾಯಿ, ಕುಡುಕರು ಒಳಗೆ ಹೋಗುವುದಿಲ್ಲ.

ಅವಳಿಗೆ ಸಂಜೆ ಒಂದು ತಾಸು ಕಾಲಿಗೆ ಮಣ್ಣು ಹತ್ತಬೇಕು, ಇಲ್ಲದಿದ್ದರೆ ನಿದ್ದೆ ಬರುವುದಿಲ್ಲ. ಇಲ್ಲಿ ಹಿತ್ತಲಿನ ಹುಣಸೆ ಗಿಡ ಏರಿ ಕೂತು ಅಲ್ಲಿಂದಲೇ ಮಗ್ಗಿ ಒಪ್ಪಿಸುತ್ತಿದ್ದಳು. ನನಗೆ ಕೇಳಿಸುತ್ತಿರಲಿಲ್ಲ, ತುಟಿ ನೋಡಿ ತಪ್ಪು ಹಿಡಿಯುತ್ತಿದ್ದೆ. ಹೇಳಿದ ಮಾತು ಕೇಳದಿದ್ದರೆ ಕಂಬಕ್ಕೆ ಕಟ್ಟಿ ಹಾಕು, ನಾನೇನೂ ಅನ್ನುವುದಿಲ್ಲ! ಹನ್ನೆರಡು ವರ್ಷದಿಂದ ನಿನ್ನ ಮನೆ ಸುಮ್ಮನೇ ಇತ್ತು. ಇನ್ನಾದರೂ ಅಲ್ಲಿ ಸ್ವಲ್ಪ ಗದ್ದಲವಾಗಲಿ.

ರೇಣುಕಾ


ವಿಜಯಪುರ
7 ಜುಲೈ 2024

ಅಕ್ಕಾ,

ಗದ್ದಲ ಆಯಿತು, ನೀನು ಬಯಸಿದ ಹಾಗೆಯೇ.

ನಮ್ಮ ಪಾರ್ಕಿಗೆ ಒಂದು ಶಿಸ್ತು ಇದೆ. ಮುಂಜಾನೆ ಎರಡು ತಾಸು, ಸಂಜೆ ಎರಡು ತಾಸು ಹಿರಿಯರು ನಡೆದಾಡಲು ಬರುತ್ತಾರೆ. ಹನ್ನೆರಡು ವರ್ಷದ ಒಳಗಿನ ಮಕ್ಕಳಿಗೆ ಪ್ರವೇಶ ಇಲ್ಲವೆಂದು ಫಲಕ ಹಾಕಿದ್ದಾರೆ. ಜೋಕಾಲಿ ಇವೆ, ಆದರೆ ಸರಪಳಿಯನ್ನು ಮೇಲೆ ಸುತ್ತಿ ಕಟ್ಟಿದ್ದಾರೆ. ಮಕ್ಕಳನ್ನು ಬಿಟ್ಟರೆ ಹಳಿಯ ಪಕ್ಕದ ತಗಡಿನ ಮನೆಗಳ ಮಕ್ಕಳೂ ಬರುತ್ತವೆ, ಹುಲ್ಲು ಹಾಳಾಗುತ್ತದೆ. ಇದನ್ನೆಲ್ಲ ನಾನು ಭಾಗ್ಯಾಳಿಗೆ ತಿಳಿಸಿ ಹೇಳಿದ್ದೆ. ಆದರೂ ಕಳೆದ ರವಿವಾರ ಗೋಡೆ ಹಾರಿ ಹೋಗಿ ಬೇವಿನ ಗಿಡ ಏರಿದ್ದಾಳೆ. ಜೊತೆಗೆ ಸೈಕಲ್ ರಿಪೇರಿಯವನ ಮಗಳು ತರನ್ನುಮ ಎಂಬ ಹುಡುಗಿ.

ಬಡಾವಣೆ ಸಂಘದ ಕಾರ್ಯದರ್ಶಿ ಶ್ರೀಮಂತ ಕಾಕಾ ನಮ್ಮ ಬಾಗಿಲಿಗೆ ಬಂದರು. "ನಿಮ್ಮ ಮನ್ಯಾಗ ಮಕ್ಕಳಿಲ್ಲಂತ ತಿಳ್ದಿದ್ವಿ. ಈಗ ಮಂಗ್ಯಾ ಸಾಕೀರೇನ್ರಿ?" ಎಂದರು. ಅವರ ಸಂಗಡ ಬಂದವರೆಲ್ಲ ನಕ್ಕರು. ನಮ್ಮ ಮನೆಯವರು ತಲೆ ತಗ್ಗಿಸಿ ನಿಂತಿದ್ದರು. ಮರುದಿನ ಸಂಜೆ ಪಾರ್ಕಿನಲ್ಲಿ ಎಲ್ಲರೆದುರು ಭಾಗ್ಯಾಳಿಂದ ತಪ್ಪೊಪ್ಪಿಗೆ ಓದಿಸಿದೆವು. ಸಣ್ಣ ವಿಷಯ. ಅವಳ ಒಳ್ಳೆಯದಕ್ಕೇ.

ರಾಜೇಶ್ವರಿ

ಅವ್ವಾ, ಇಲ್ಲಿ ಗಿಡ ಬರೇ ನೋಡಾಕ ಇಟ್ಟಾರ. ನಾ ಟೊಂಗಿ ಮುರದಿಲ್ಲ. — ಭಾಗ್ಯಾ


ಕಾಖಂಡಕಿ
18 ಜುಲೈ 2024

ರಾಜೂ,

ನಿನ್ನ ಕಾಗದ ಓದಿ ನಾಚಿಕೆಯಾಯಿತು. ಅವಳು ನಿನ್ನ ಗಂಡನ ತಲೆ ತಗ್ಗಿಸುವುದು ಬೇಡ. ನೀನು ಮಾಡಿದ್ದು ಸರಿ. ಮಾತಿಗೆ ಬಗ್ಗದಿದ್ದರೆ ಎರಡು ಬಿಗಿ. ನಾನೂ ಬಿಗಿದಿದ್ದೇನೆ. ಮಕ್ಕಳಿಗೆ ಕೂಡದ ಜಾಗವನ್ನು ಪಾರ್ಕು ಎಂದು ಯಾಕೆ ಕರೆಯುತ್ತಾರೋ ನನಗೆ ತಿಳಿಯಲಿಲ್ಲ. ಆದರೆ ಪಟ್ಟಣದ ರೀತಿ ನಿಮಗೇ ಗೊತ್ತು.

ಈ ಕೆಳಗಿನ ಮಾತನ್ನು ಅವಳ ಕೈಯಲ್ಲೇ ಕೊಟ್ಟು ಓದಿಸು:

ಭಾಗ್ಯಾ, ನೀನು ಅಲ್ಲಿಗೆ ಓದಲು ಹೋದವಳು. ಇನ್ನೊಂದು ಸಲ ಗೋಡೆ ಏರಿದ್ದು, ಚಿಗವ್ವ ನೊಂದದ್ದು ನನಗೆ ತಿಳಿದರೆ ದಸರೆಗೂ ಕರೆತರುವುದಿಲ್ಲ, ದೀಪಾವಳಿಗೂ ಕರೆತರುವುದಿಲ್ಲ. ಅಲ್ಲೇ ಬಿದ್ದಿರು.

ರೇಣುಕಾ


ವಿಜಯಪುರ
4 ಆಗಸ್ಟ್ 2024

ಅಕ್ಕಾ,

ನಿನ್ನ ಮಾತು ನಾಟಿತು. ಆ ಕಾಗದವನ್ನು ಭಾಗ್ಯಾ ಮಡಚಿ ಕಂಪಾಸಿನ ಡಬ್ಬಿಯಲ್ಲಿ ಇಟ್ಟುಕೊಂಡಿದ್ದಾಳೆ. ಶಾಲೆಯಿಂದ ಬಂದವಳು ಮೇಲಿನ ಕೋಣೆಯಲ್ಲಿ ಕೂತು ಬರೆಯುತ್ತಾಳೆ. ನಾನು ಕೆಳಗಿನ ಕಬ್ಬಿಣದ ಜಾಳಿಗೆ ಬಾಗಿಲಿಗೆ ಬೀಗ ಹಾಕಿರುತ್ತೇನೆ, ಅವಳ ಕಾಳಜಿಗಾಗಿಯೇ.

ಸಂತೋಷದ ಸುದ್ದಿ ಒಂದಿದೆ. ಇವರನ್ನು ಸಂಘದ ಅಧ್ಯಕ್ಷರನ್ನಾಗಿ ಮಾಡಿದ್ದಾರೆ. ಬೀಜ ಗೊಬ್ಬರದ ಅಂಗಡಿಯವನು ಎಂದು ಹಗುರಾಗಿ ಕಾಣುತ್ತಿದ್ದ ಜನ ಈಗ "ಸಿದ್ದಲಿಂಗೇಶ ಅವರ" ಎನ್ನುತ್ತಾರೆ. ಇವರ ಮೊದಲ ಕೆಲಸವೆಂದರೆ ಪಾರ್ಕಿನ ಗೋಡೆಯ ಮೇಲೆ ಸಿಮೆಂಟು ಹಾಕಿ ಗಾಜಿನ ಚೂರು ನಿಲ್ಲಿಸಿದ್ದು. ಕಳ್ಳರ ಕಾಟಕ್ಕೆ. ಬಿಸಿಲು ಬಿದ್ದರೆ ಹಸಿರು, ಕಂದು ಹೊಳೆಯುತ್ತದೆ, ನೋಡಲು ಚೆಂದವೇ ಇದೆ.

ರಾಜೇಶ್ವರಿ

ಅವ್ವಾ, ನಾ ಈಗ ಗ್ವಾಡಿ ಏರಂಗಿಲ್ಲ. ತರನ್ನುಮ ಹಳಿ ಹತ್ರ ಆಡ್ತಾಳ, ಚಿಗವ್ವ ನನ್ನ ಬಿಡಂಗಿಲ್ಲ. ದಸರೆಗೆ ಕರ್ಕೊಂಡು ಹೋಗ್ತಿ ಅಲ್ಲಾ? — ಭಾಗ್ಯಾ


ಕಾಖಂಡಕಿ
5 ಸೆಪ್ಟೆಂಬರ್ 2024

ರಾಜೂ,

ಒಂದು ತಿಂಗಳಾಯಿತು, ಕಾಗದವಿಲ್ಲ. ನಾನು ಎರಡು ಬರೆದೆ. ನಿಮ್ಮ ಮಾಮಾ ಫೋನು ಮಾಡಿದರೆ "ಎಲ್ಲಾ ಆರಾಮ" ಎಂದು ಇಟ್ಟುಬಿಡುತ್ತೀಯಂತೆ. ಭಾಗ್ಯಾ ಮಲಗಿದ್ದಾಳೆ ಎನ್ನುತ್ತೀಯಂತೆ, ಸಂಜೆ ಆರಕ್ಕೂ. ನನ್ನ ಮೇಲೆ ಸಿಟ್ಟೇ? ಮಕ್ಕಳ ಮಾತಿನಲ್ಲಿ ನಾನೇನಾದರೂ ನಿನ್ನ ಮನಸ್ಸಿಗೆ ಹತ್ತುವ ಹಾಗೆ ಬರೆದಿದ್ದರೆ ಹೊಟ್ಟೆಗೆ ಹಾಕಿಕೋ. ನನ್ನ ಬಾಯಿಗೆ ಬೀಗವಿಲ್ಲ.

ರೇಣುಕಾ


ವಿಜಯಪುರ
15 ಸೆಪ್ಟೆಂಬರ್ 2024

ಅಕ್ಕಾ,

ಸಿಟ್ಟೇನೂ ಇಲ್ಲ. ಭಾಗ್ಯಾಳಿಗೆ ಜ್ವರ ಬಂದಿತ್ತು, ಆಮೇಲೆ ಪರೀಕ್ಷೆ. ನನಗೂ ಮೈ ಸರಿಯಿರಲಿಲ್ಲ. ಈಗ ಎಲ್ಲ ನೆಟ್ಟಗಿದೆ. ಅವಳು ಬಹಳ ಶಾಂತಳಾಗಿದ್ದಾಳೆ. ಹೊರಗೆ ಹೋಗುತ್ತೇನೆಂದು ಕೇಳುವುದೇ ಇಲ್ಲ. ನೀನು ನೋಡಿದರೆ ಬೆರಗಾಗುತ್ತೀ.

ರಾಜೇಶ್ವರಿ

ಅವ್ವಾ ನಾ ಆರಾಮ ಇದ್ದೇನಿ. ಗ್ವಾಡಿ ಏರಿಲ್ಲ.


ಕಾಖಂಡಕಿ
25 ಸೆಪ್ಟೆಂಬರ್ 2024

ರಾಜೂ,

ಇದೇನು ಅಕ್ಷರ? ಕೋಳಿ ಕೆದರಿದ ಹಾಗಿದೆ. ಒಂದು ಸಾಲು ಮೇಲೆ, ಒಂದು ಸಾಲು ಕೆಳಗೆ. ಕೆಳಗೆ ಹೆಸರೂ ಬರೆದಿಲ್ಲ. ನಮ್ಮೂರ ಸಾಲಿಯಲ್ಲಿ ಮುತ್ತಿನಂತೆ ಬರೆಯುತ್ತಿದ್ದ ಹುಡುಗಿ! ವ್ಯಾನು, ಬೂಟು, ಕೊರಳಪಟ್ಟಿ ಎಲ್ಲ ಕೊಟ್ಟು ಅವರು ಕಲಿಸಿದ್ದು ಇದೇ ಏನು? ಕೂಡಿಸಿ ದಿನಾ ಹತ್ತು ಪುಟ ಬರೆಸು. ಅತ್ತರೂ ಬಿಡಬೇಡ.

ಮೊನ್ನೆ ರವಿವಾರ ನಿಮ್ಮ ಮಾಮಾ ಮಾರುಕಟ್ಟೆಗೆ ಬಂದವರು ನಿಮ್ಮ ಮನೆಗೂ ಬಂದಿದ್ದರಲ್ಲ. ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿ ಕೊಟ್ಟಿದ್ದೆ. ಮಗಳು ಶಾಲೆಯವರ ಸಂಗಡ ಗೋಳಗುಮ್ಮಟ ನೋಡಲು ಹೋಗಿದ್ದಾಳೆ ಎಂದೆಯಂತೆ. ಇವರು ಅರ್ಧ ತಾಸು ಪಾರ್ಕಿನ ಗೇಟಿನ ಹತ್ತಿರ ಬಸ್ಸಿನ ಹೊತ್ತಿಗೆ ಕಾಯುತ್ತ ನಿಂತಿದ್ದರಂತೆ. "ಭಾಳ ಹಸರ ಐತಿ. ಆದ್ರ ಒಳಗ ಒಂದ ಕೂಸಿಲ್ಲ. ಎಲ್ಲಾ ಗುಮ್ಮಟಕ್ಕ ಹೋಗಿರಬೇಕು" ಎಂದರು. ಮಕ್ಕಳನ್ನು ಒಳಗೆ ಬಿಡುವುದಿಲ್ಲ ಎಂದು ನಾನು ಅವರಿಗೆ ಹೇಳಿರಲಿಲ್ಲ.

ದಸರೆಗೆ ಕರೆದುಕೊಂಡು ಹೋಗಲು ಯಾವ ದಿನ ಬರಲಿ, ತಿಳಿಸು.

ರೇಣುಕಾ


ವಿಜಯಪುರ
3 ಅಕ್ಟೋಬರ್ 2024

ಅಕ್ಕಾ,

ದಸರೆಗೆ ಆಗುವುದಿಲ್ಲ. ಶಾಲೆಯಲ್ಲಿ ವಿಶೇಷ ತರಗತಿ ಇಟ್ಟಿದ್ದಾರೆ. ಬಂದರೆ ಅವಳ ಅಭ್ಯಾಸ ಹಾಳಾಗುತ್ತದೆ. ಅಕ್ಷರದ ಬಗ್ಗೆ ನೀನು ಬರೆದದ್ದನ್ನು ಓದಿ ಹೇಳಿದೆ. ದಿನಾ ಹತ್ತು ಪುಟ ಬರೆಯುತ್ತಿದ್ದಾಳೆ. ಈಗ ಮೊದಲಿಗಿಂತ ವಾಸಿ. ದೀಪಾವಳಿಗೆ ನೋಡೋಣ.

ರಾಜೇಶ್ವರಿ


ಕಾಖಂಡಕಿ
27 ಅಕ್ಟೋಬರ್ 2024

ರಾಜೇಶ್ವರಿ,

ಕಳೆದ ರವಿವಾರ ಹೇಳದೆ ಕೇಳದೆ ನಿನ್ನ ಮನೆಗೆ ಬಂದದ್ದು ನಿನಗೆ ಸರಿ ಬರಲಿಲ್ಲ, ಗೊತ್ತಾಯಿತು. ಬಾಗಿಲು ತೆಗೆದವಳು ನೀರು ಕೊಡುವುದನ್ನೂ ಮರೆತೆ. "ಫೋನ್ ಮಾಡಬೇಕಿತ್ತಲ್ಲ" ಎಂದೆ. ತುಟಿ ನೋಡಿ ತಿಳಿಯಿತು.

ನೀನು ಚಹಾ ಇಡಲು ಒಳಗೆ ಹೋದಾಗ ನಾನು ಮೇಲೆ ಹೋದೆ. ಭಾಗ್ಯಾ ಗ್ಯಾಲರಿಯ ಜಾಳಿಗೆಗೆ ಹಣೆ ಹಚ್ಚಿ ನಿಂತಿದ್ದಳು. ನನ್ನನ್ನು ನೋಡಿ ಓಡಿ ಬರಲಿಲ್ಲ. ಎರಡೂ ಕೈ ಹಿಂದೆ ಕಟ್ಟಿಕೊಂಡಳು.

"ಕೈ ತೋರ್ಸ" ಎಂದೆ.

"ಏನೂ ಆಗಿಲ್ಲ ಬೇ. ನಾ ಗ್ವಾಡಿ ಏರಿಲ್ಲ."

ಎಳೆದು ನೋಡಿದೆ. ಬಲ ಅಂಗೈಯಲ್ಲಿ ಅಡ್ಡಕ್ಕೆ ಹೊಲಿಗೆಯ ಗುರುತು. ಮೂರು ಬೆರಳು ಕಟ್ಟಿಗೆಯಂತೆ ನೆಟ್ಟಗೆ ನಿಂತಿವೆ. ಮಡಚು ಎಂದರೆ ಮಡಚುವುದಿಲ್ಲ. ನೀನು ಚಹಾ ತಂದು, "ಸೋಡಾ ಬಾಟ್ಲಿ ಮ್ಯಾಲ ಬಿದ್ದಳಕ್ಕಾ, ನಿನಗ ಸುಮ್ಮನ ಯಾಕ ಚಿಂತಿ ಅಂತ ಹೇಳಲಿಲ್ಲ" ಎಂದೆ. ನಾನು ಆ ಚಹಾ ಕುಡಿದೆ, ರಾಜೇಶ್ವರಿ. ನಂಬಿ ಕುಡಿದೆ. ಮೂರರ ಬಸ್ಸಿಗೆ ಅವಳನ್ನು ಕರೆದುಕೊಂಡು ಬಂದೆ.

ಎರಡು ದಿನ ಅವಳು ಬಾಯಿ ಬಿಡಲಿಲ್ಲ. ಹಿತ್ತಲಿಗೆ ಹೋಗಲೂ "ಹೋಗ್ಲೇನ ಬೇ?" ಎಂದು ನನ್ನನ್ನು ಕೇಳುತ್ತಾಳೆ. ಮೂರನೆಯ ದಿನ ನನ್ನ ಬಲಗಿವಿಗೆ ಬಾಯಿ ಹಚ್ಚಿ ಎಲ್ಲ ಹೇಳಿದಳು. ಆಗಸ್ಟ್ ಹದಿನೈದಕ್ಕೆ ಧ್ವಜ ಹಾರಿಸಲು ಮಕ್ಕಳನ್ನು ಪಾರ್ಕಿನೊಳಗೆ ಬಿಟ್ಟಿರಂತೆ. ಹಾಡಿಸಿ, ಒಂದೊಂದು ಪೇಢೆ ಕೊಟ್ಟು, ಮತ್ತೆ ಹೊರಗೆ ಅಟ್ಟಿದಿರಂತೆ. ಇವಳು ಬೇವಿನ ಗಿಡದಲ್ಲಿ ಅಡಗಿ ಕೂತಳು. ನೀವು ಗೇಟಿಗೆ ಬೀಗ ಹಾಕಿದಿರಿ. ಇವಳು ಇಳಿದು ಬಂದು ಗೇಟು ಬಡಿದಾಗ ನಿನ್ನ ಗಂಡ ಎಲ್ಲರೆದುರು, "ಯಾರೂ ತೆಗೀಬ್ಯಾಡ್ರಿ. ಸಂಜಿ ತನಕ ಅಲ್ಲೇ ಇರ್ಲಿ, ಬುದ್ಧಿ ಬರ್ತೈತಿ" ಎಂದನಂತೆ. ಮಧ್ಯಾಹ್ನ ಮಳೆ ಬಂತು. ನಿನ್ನ ಹೆಸರು ಹಿಡಿದು ಕೂಗಿದಳಂತೆ. ಕೊನೆಗೆ ಗೋಡೆಗೆ ಕೈ ಹಾಕಿದಳು.

ಗಾಜಿನಿಂದ ಅವಳನ್ನು ಬಿಡಿಸಿ ಓಢಣಿ ಸುತ್ತಿದ್ದು ಆ ಸೈಕಲ್ ರಿಪೇರಿಯವನ ಮಗಳು. ತರನ್ನುಮ. ಒಂಬತ್ತು ವರ್ಷದ ಹುಡುಗಿ.

ಮೊನ್ನೆ ದೊಡ್ಡ ಡಾಕ್ಟರರಿಗೆ ತೋರಿಸಿದೆವು. ಮೇಲಿನ ಚರ್ಮ ಹೊಲಿದು ಕಳಿಸಿದ್ದಾರೆ, ಒಳಗಿನ ನರ ಕಡಿದದ್ದು ಹಾಗೆಯೇ ಇದೆ ಎಂದರು. "ಆ ವಾರದಾಗ ತಂದಿದ್ರ ಕೂಡಿಸಬಹುದಿತ್ತವ್ವಾ. ಎರಡು ತಿಂಗಳ ಏನ್ ಮಾಡಿದ್ರಿ?" ಎಂದು ನನ್ನನ್ನೇ ಬೈದರು. ಆ ಎರಡು ತಿಂಗಳಲ್ಲಿ ನಾನು ಮಾಡಿದ್ದೆಂದರೆ, ಎಡಗೈಯಲ್ಲಿ ಬರೆಯಲು ಒದ್ದಾಡುವ ಕೂಸಿಗೆ ಹತ್ತು ಪುಟ ಬರೆಸು ಎಂದು ಕಾಗದ ಹಾಕಿದ್ದು.

ನನಗೆ ಒಂದೇ ಮಾತು ಹೇಳು. ಆ ದಿನ ಪಾರ್ಕಿನ ಕೀಲಿ ಯಾರ ಹತ್ತಿರ ಇತ್ತು?

ರೇಣುಕಾ


ವಿಜಯಪುರ
6 ನವೆಂಬರ್ 2024

ಅಕ್ಕಾ,

ಕೀಲಿ ನಮ್ಮ ಮನೆಯಲ್ಲಿತ್ತು. ಅಡುಗೆಮನೆಯ ಮೊಳೆಗೆ ತೂಗುಹಾಕಿತ್ತು. ಇವರು ಅಧ್ಯಕ್ಷರಾದ ದಿನದಿಂದ ಅದು ಅಲ್ಲೇ ಇರುತ್ತದೆ.

ನಾನು ಗ್ಯಾಲರಿಯಲ್ಲಿ ನಿಂತಿದ್ದೆ. ಅವಳು "ಚಿಗವ್ವಾ, ಕೀಲಿ ತೆಗಿ ಬೇ" ಎಂದು ಕೂಗುವುದು ಕೇಳಿಸುತ್ತಿತ್ತು. ಪಾರ್ಕಿನ ಆಚೆಯ ಮನೆಯವರೂ ಅವರವರ ಗ್ಯಾಲರಿಯಲ್ಲಿ ನಿಂತಿದ್ದರು. ಇವರು ಎಲ್ಲರೆದುರು ಒಂದು ಮಾತು ಆಡಿದ ಮೇಲೆ ನಾನು ಇಳಿದು ಹೋಗಿ ಬೀಗ ತೆಗೆದರೆ ಏನಾಗುತ್ತಿತ್ತು, ನಿನಗೆ ಗೊತ್ತಿಲ್ಲ. ಸ್ವಲ್ಪ ಹೊತ್ತು, ಇನ್ನೂ ಸ್ವಲ್ಪ ಹೊತ್ತು ಎಂದುಕೊಂಡೆ. ಮಳೆ ಜೋರಾದಾಗ ಕೀಲಿ ಕೈಗೆ ತೆಗೆದುಕೊಂಡೆ. ಮೆಟ್ಟಿಲಿನವರೆಗೆ ಬಂದೆ. ಕೆಳಗೆ ಶ್ರೀಮಂತ ಕಾಕಾ ಇವರ ಸಂಗಡ ಕೂತಿದ್ದರು. "ಹೆಂಗಸ್ರು ನಡುವ ಬಂದ್ರ ಸಂಘ ನಡಿಯಂಗಿಲ್ಲ" ಎಂದು ನಗುತ್ತಿದ್ದರು. ನಾನು ಮತ್ತೆ ಮೇಲೆ ಹೋದೆ. ಗಿಡದ ಕೆಳಗೆ ನಿಂತರೆ ನೆನೆಯುವುದಿಲ್ಲ ಎಂದುಕೊಂಡೆ.

ದೊಡ್ಡ ಆಸ್ಪತ್ರೆಗೆ ಒಯ್ಯಿರಿ ಎಂದು ಹೊಲಿಗೆ ಹಾಕಿದ ಡಾಕ್ಟರು ಹೇಳಿದ್ದು ನಿಜ. ಅಲ್ಲಿ ಹೇಗಾಯಿತು, ಎಲ್ಲಿ ಆಯಿತು ಎಂದು ಬರೆದುಕೊಳ್ಳುತ್ತಾರೆ, ಕೇಸಾಗುತ್ತದೆ ಎಂದು ಇವರು ಬೇಡ ಎಂದರು. ಬೆರಳು ತಾನಾಗಿ ಸಡಿಲಾಗುತ್ತವೆ ಎಂದು ನಾನು ನಂಬಿದೆ. ದಿನಾ ಎಣ್ಣೆ ತಿಕ್ಕಿದೆ.

ಮಾಮಾ ಬಂದ ದಿನ ಅವಳು ಗುಮ್ಮಟಕ್ಕೆ ಹೋಗಿರಲಿಲ್ಲ. ಮೇಲಿನ ಕೋಣೆಯಲ್ಲಿದ್ದಳು. ಆದರೆ ನಾನು ಅವಳ ಬಾಯಿ ಮುಚ್ಚಿ ಹಿಡಿದಿರಲಿಲ್ಲ ಅಕ್ಕಾ. ಅಪ್ಪ ಗೇಟಿನ ಹತ್ತಿರ ನಿಂತಿದ್ದನ್ನು ಕಿಟಕಿಯಿಂದ ನೋಡುತ್ತಲೇ ಇದ್ದಳು. ತಾನೇ ಕೂಗಲಿಲ್ಲ. ಯಾಕೆ ಎಂದು ನಿನಗೆ ತಿಳಿಯಬೇಕು. ಹೊಲಿಗೆ ಹಾಕುವಾಗಲೂ ಅವಳು ಅಳುತ್ತ ಹೇಳಿದ್ದು ಒಂದೇ: "ಅವ್ವಗ ಹೇಳಬ್ಯಾಡ ಚಿಗವ್ವಾ, ಗ್ವಾಡಿ ಏರಿದ್ದು ಗೊತ್ತಾದ್ರ ಆಕಿ ನನ್ನ ಊರಿಗೆ ಒಯ್ಯಂಗಿಲ್ಲ." ಆ ಕಾಗದ ಬರೆದವಳು ನಾನಲ್ಲ. ಅಲ್ಲೇ ಬಿದ್ದಿರು ಎಂದವಳು ನೀನು.

ಎಲ್ಲ ತಪ್ಪನ್ನೂ ನನ್ನ ತಲೆಗೇ ಕಟ್ಟಬೇಡ.

ರಾಜೇಶ್ವರಿ


ವಿಜಯಪುರ
19 ಜನವರಿ 2025

ಅಕ್ಕಾ,

ಸಂಕ್ರಾಂತಿಗೂ ನಿನ್ನಿಂದ ಒಂದು ಸಾಲು ಬರಲಿಲ್ಲ. ಹೋದ ಕಾಗದದ ಕೊನೆಯಲ್ಲಿ ಬರೆದ ಮಾತನ್ನು ಬರೆಯಬಾರದಿತ್ತು. ಅಂಚೆ ಡಬ್ಬಿಗೆ ಹಾಕಿದ ಕೂಡಲೇ ಕೈ ಒಳಗೆ ಹಾಕಿ ತೆಗೆಯಲು ನೋಡಿದೆ, ಸಿಗಲಿಲ್ಲ.

ಪಾರ್ಕಿನಲ್ಲಿ ಬೇವಿನ ಗಿಡ ಈಗ ಇಲ್ಲ. ಮಕ್ಕಳಿಗೆ ಆಸೆ ಹುಟ್ಟಿಸುತ್ತದೆ ಎಂದು ಸಂಘದವರು ಕಡಿಸಿದರು. ಇವರೇ ನಿಂತು ಕಡಿಸಿದರು. ತರನ್ನುಮಳ ತಂದೆಯ ಡಬ್ಬಿ ಅಂಗಡಿಯನ್ನೂ ಹಳಿಯ ಹತ್ತಿರದಿಂದ ಎಬ್ಬಿಸಿದ್ದಾರೆ. ಆ ಹುಡುಗಿ ಎಲ್ಲಿಗೆ ಹೋದಳೋ ತಿಳಿಯದು.

ಈಗ ನಾನು ಹೇಳುವ ಮಾತನ್ನು ನಿನ್ನ ಬಿಟ್ಟು ಇನ್ಯಾರಿಗೆ ಹೇಳಲಿ? ನನಗೆ ನಾಲ್ಕು ತಿಂಗಳು. ಹನ್ನೆರಡು ವರ್ಷದ ಮೇಲೆ. ಡಾಕ್ಟರು ಹೇಳಿದಾಗ ನನಗೆ ಮೊದಲು ನೆನಪಾದದ್ದು ನೀನು. ಅವ್ವ ಅಪ್ಪ ಇಲ್ಲ, ನಿನ್ನ ಮನೆಯೇ ನನ್ನ ತವರು. ಚೊಚ್ಚಲ ಹೆರಿಗೆಗೆ ನಿನ್ನ ಹತ್ತಿರ ಬರಬೇಕು ಎಂದು ಆಸೆ. ಈ ಮನೆಯಲ್ಲಿ ಕೂಸನ್ನು ಹೇಗೆ ಬೆಳೆಸಲಿ ಎಂದು ದಿನಾ ಯೋಚಿಸುತ್ತೇನೆ. ಗ್ಯಾಲರಿಗೆ ಹೋಗುವುದನ್ನು ಬಿಟ್ಟಿದ್ದೇನೆ. ಮೂರು ವರ್ಷವಾಗುವವರೆಗಾದರೂ ಅದು ಕಾಖಂಡಕಿಯಲ್ಲಿ, ನಿಮ್ಮ ಹಿತ್ತಲಿನಲ್ಲಿ ಇರಲಿ. ಭಾಗ್ಯಾಳ ಕಾಲಿಗೆ ಬೀಳು ಎಂದರೂ ಬೀಳುತ್ತೇನೆ. ಬಾ ಎಂದು ಒಂದು ಮಾತು ಬರಿ.

ರಾಜೂ


ಕಾಖಂಡಕಿ
2 ಫೆಬ್ರವರಿ 2025

ರಾಜೇಶ್ವರಿ,

ನಿನ್ನ ಕಾಗದ ಬಂದಾಗ ಭಾಗ್ಯಾ ಅಂಗಳದಲ್ಲಿ ಇದ್ದಳು. ಅವಳೇ ಅಂಚೆಯವನ ಕೈಯಿಂದ ತೆಗೆದುಕೊಂಡು ಬಂದಳು. ನಿನ್ನ ಅಕ್ಷರ ಗುರುತು ಹಿಡಿದಳು. ಬೇಡವೆಂದರೂ ಪಕ್ಕದಲ್ಲಿ ಕೂತು ನನಗಿಂತ ಮೊದಲೇ ಓದಿ ಮುಗಿಸಿದಳು.

ಸಿಟ್ಟಾಗುತ್ತಾಳೆ ಎಂದುಕೊಂಡೆ. ನಕ್ಕಳು. ಮನೆಗೆ ಬಂದ ಮೇಲೆ ಅಷ್ಟು ನಕ್ಕದ್ದು ಅಂದೇ. ಕಿವಿಯ ಹತ್ತಿರ ಬಂದು ಒದರಿದಳು: "ಇಲ್ಲೇ ಕರಿ ಬೇ! ಕೂಸಿಗೆ ನಾ ಆಡಿಸ್ತೇನಿ. ಎಡಗೈಯಾಗ ಎತ್ಕೊಳ್ಳಾಕ ಬರ್ತೈತಿ ನನಗ." ಎತ್ತಿಕೊಳ್ಳುವುದು ಹೇಗೆಂದು ಆಡಿನ ಮರಿ ಹಿಡಿದು ತೋರಿಸಿದಳು. ನಿಮ್ಮ ಮಾಮಾ ಕೂಡ, "ಬರ್ಲಿ ಬಿಡ, ತಂಗಿ ಅಲ್ಲೇನು" ಎಂದರು.

ಅವರಿಬ್ಬರೂ ಹೀಗೆ ಅಂದರು ಎಂಬುದು ನಿನಗೆ ಗೊತ್ತಿರಲಿ ಎಂದೇ ಬರೆಯುತ್ತಿದ್ದೇನೆ. ಬೇಡ ಎಂದವಳು ನಾನು, ನಾನೊಬ್ಬಳೇ.

ನನ್ನ ತಪ್ಪನ್ನು ನೀನು ತೋರಿಸಿಕೊಟ್ಟೆ. ಅದು ಸುಳ್ಳಲ್ಲ. ದಿನಾ ಮುಂಜಾನೆ ಅವಳ ಅಂಗಿಯ ಗುಂಡಿ ಹಾಕುವಾಗ ನೆನಪಾಗುತ್ತದೆ. ಅದಕ್ಕೆ ನಾನು ನನ್ನನ್ನೂ ಬಿಟ್ಟಿಲ್ಲ, ನಿನ್ನನ್ನು ಬಿಡುವುದೂ ಇಲ್ಲ. ಹೆರಿಗೆಗೆ ಇಲ್ಲಿಗೆ ಬರಬೇಡ. ಹೆತ್ತ ಮೇಲೂ ಬರಬೇಡ. ಹೆಣ್ಣೋ ಗಂಡೋ ತಿಳಿಸಬೇಡ. ನಿನ್ನ ಕೂಸಿನ ತಪ್ಪಿಲ್ಲ, ಗೊತ್ತು. ಆದರೂ ಅದು ನನ್ನ ಹಿತ್ತಲಿನ ಮಣ್ಣು ಮೆಟ್ಟುವುದಿಲ್ಲ.

ಇದನ್ನು ಬರೆಯುತ್ತೇನೆ ಎಂದು ಭಾಗ್ಯಾಳಿಗೆ ಹೇಳಿದೆ. "ಆ ಕೂಸೇನ್ ಮಾಡೇತಿ ಬೇ?" ಎಂದು ಕೇಳಿದಳು. ಕೇಳಿಸಲಿಲ್ಲ ಎಂದು ಮುಖ ತಿರುವಿದೆ. ಎದುರಿಗೆ ಬಂದು ನಿಂತು ತುಟಿ ಬಿಡಿಸಿ ಬಿಡಿಸಿ ಮತ್ತೆ ಕೇಳಿದಳು. ನಾನು ಕಣ್ಣು ಮುಚ್ಚಿಕೊಂಡೆ.

ಎರಡು ದಿನವಾಯಿತು, ಅವಳು ನನ್ನ ಸಂಗಡ ಮಾತಾಡಿಲ್ಲ. ನಾನೂ ಮಾತಾಡಿಸಿಲ್ಲ.

ರೇಣುಕಾ